ಹರವಿಯ ಪಕ್ಕದ ಬ್ಯಾಟರಿ

ಠಾಣಾ ಕುಶನೂರಿಗೆ ಮೊದಲ ರೇಡಿಯೋ ತಂದವಳು ಶಾಲುಬಾಯಿ. ಅದರ ಬ್ಯಾಟರಿಯನ್ನು ಒಂದೇ ಬೇಸಿಗೆಯಲ್ಲಿ ಕೊಂದವಳೂ ಅವಳೇ. ಕೊಂದದ್ದು ಅಕ್ಕರೆಯಿಂದ. ಟಾರ್ಚಿನ ಸೆಲ್ಲು ಬಿಸಿಲಿಗಿಟ್ಟರೆ ಜೀವ ಹಿಡಿಯುತ್ತದೆಂದು ಊರಿಗೆಲ್ಲ ಗೊತ್ತು. ಅದಕ್ಕೇ ಅವಳು ಆ ಮಣಭಾರದ ಬ್ಯಾಟರಿಯನ್ನೂ ದಿನಾ ಮಾಳಿಗೆ ಹತ್ತಿಸಿ ಹಪ್ಪಳದ ಪಕ್ಕ ಒಣಹಾಕಿದಳು. ಸಾಲದ್ದಕ್ಕೆ, ಊರಲ್ಲಿ ಕರೆಂಟಿಲ್ಲದ್ದರಿಂದ ಬೀದರಿಗೆ ಒಯ್ದಾಗ ಪ್ರತಿ ಸಲವೂ ಅವಸರದ ಚಾರ್ಜು. ಪಾಪ, ಅದಾದರೂ ಎಷ್ಟಂತ ತಾಳೀತು.

"ರೇಡಿಯೋ ಹೆಂಗಸರ ಕೈಯಾಗ ಕೊಟ್ರ ಹಿಂಗೇ ಆಗ್ತದ್ರಿ" ಎಂದು, ಅವಳ ನಂತರ ರೇಡಿಯೋ ಕೊಂಡಿದ್ದ ಹಾವಗೆಪ್ಪ ಕಟ್ಟೆಯ ಮೇಲೆ ಕೂತು ನಕ್ಕ. ಶಾಲುಬಾಯಿಗೆ ಮೈಯೆಲ್ಲ ಉರಿಯಿತು.

ಬೀದರ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರುವ ದಿನ ಹತ್ತಿರ ಬಂತು. ಆ ಸಂಜೆಯ ಕನ್ನಡ ವಾರ್ತೆಯನ್ನು ಊರು ತನ್ನ ಅಂಗಳದಲ್ಲೇ ಕೇಳಬೇಕೆಂದು ಅವಳು ಹಟ ತೊಟ್ಟಳು. ಸತ್ತದ್ದರ ಬದಲಿಗೆ ಕೊಂಡ ಹೊಸ ಬ್ಯಾಟರಿಯನ್ನು ತುಂಬಿಸಲು ಹೊತ್ತು ಬೀದರಿಗೆ ಹೋದಳು.

"ಹಾವಗೆಪ್ಪನವರು ಜಲ್ದಿ ತುಂಬಿಸ್ಕೊಂಡು ಹೋದ್ರು. ನಿಮಗೂ ಹಂಗೇ ಬೇಕೇನ್ರಿ ಬಾಯಿ?" ಎಂದ ಚಾರ್ಜಿನ ಅಂಗಡಿಯ ಮುನೀರೋದ್ದೀನ.

"ಜಲ್ದಿ ತುಂಬಿದ್ರ ಏನಾಗ್ತದ್ರಿ?"

"ಒಳಗ ಕಾಯ್ತದ್ರಿ. ಕಾದಷ್ಟೂ ಅದರ ಉಮರ ಕಮ್ಮಿ, ಬಾಳಿಕಿ ಬರೂದಿಲ್ಲ. ಬಿಸಲಾಗ ಇಟ್ರಂತೂ ಮುಗೀತು."

ಮಾಳಿಗೆ ನೆನಪಾಗಿ ಶಾಲುಬಾಯಿಗೆ ನಾಚಿಕೆಯಾಯಿತು. "ಹಂಗಾದ್ರ ಸಾವಕಾಶ ತುಂಬ್ರಿ. ನಾ ಕಾಯ್ತೇನಿ" ಎಂದಳು.

ಬೀದರಿನ ಪಕ್ಕದ ಅಷ್ಟೂರಿನಲ್ಲಿ ತಂಗಿಯ ಮನೆಯಲ್ಲಿ ಎರಡು ದಿನ ಕಾದಳು. ಕಂಡಕ್ಟರ್ ಎಷ್ಟು ಗೊಣಗಿದರೂ ಬ್ಯಾಟರಿಯನ್ನು ಬಸ್ಸಿನ ಮೇಲೆ ಹಾಕಗೊಡದೆ ಕಾಲಬುಡದ ನೆರಳಲ್ಲೇ ಇಟ್ಟು ತಂದಳು. ಮನೆಯಲ್ಲಿ ಎಲ್ಲಕ್ಕಿಂತ ತಂಪು ನೀರಿನ ಹರವಿಗಳ ಮೂಲೆ. ಅಲ್ಲಿಟ್ಟಳು.

"ಕುಡಿಯೋ ನೀರಿನ ಬಾಜೂಕ ಇದೇನವಾ?" ಎಂದು ಅತ್ತೆ ಜಿಜಾಬಾಯಿ ಸಿಡುಕಿದಳು.

"ಇವತ್ತೊಂದಿನ ತಡ್ಕೋರಿ, ಅತ್ಯಾ."

ಸಂಜೆ ಊರೆಲ್ಲ ಹಾವಗೆಪ್ಪನ ಅಂಗಳದಲ್ಲಿ. ಶಾಲುಬಾಯಿಯ ಅಂಗಳಕ್ಕೆ ಬಂದವರು ನೆರೆಯ ನಾಲ್ಕು ಹೆಂಗಸರು ಮಾತ್ರ. ಆದರೆ ಶಕ್ತಿ ಹೆಚ್ಚಲೆಂದು ಆ ಪುಣ್ಯಾತ್ಮ ಜಲ್ದಿ ತುಂಬಿಸಿ ತಂದ ಬ್ಯಾಟರಿಯನ್ನು ಬೆಳಗಿನಿಂದ ಬಿಸಿಲಲ್ಲಿ ಬೇಯಿಸಿದ್ದ. ವಾರ್ತೆ ಶುರುವಾದದ್ದೇ ತಡ, ಅವನ ರೇಡಿಯೋ ಗೊರಗೊರ ಎಂದು ಸುಮ್ಮನಾಯಿತು. ಅದೇ ಹೊತ್ತಿಗೆ ಈಚೆ ಶಾಲುಬಾಯಿಯ ಮನೆಯಿಂದ ಗಟ್ಟಿ ದನಿಯಲ್ಲಿ ಕನ್ನಡ ಕೇಳಿಸಿತು. ಜನ ಧಡಧಡ ಎದ್ದು ಓಡಿಬಂದರು. ಅಂಗಳ ತುಂಬಿ, ಗೋಡೆಯ ಮೇಲೂ ಹತ್ತಿ ಕೂತರು. ದನಿ "ಬೀದರ" ಎಂದಾಗ ಎದ್ದ ಕೇಕೆಗೆ ಮುಂದಿನ ಮಾತು ಯಾರಿಗೂ ಕೇಳಿಸಲಿಲ್ಲ. ಶಾಲುಬಾಯಿ ಸಂತೋಷಕ್ಕೆ ಅತ್ತುಬಿಟ್ಟಳು.

ಹಾವಗೆಪ್ಪ ಬಾಗಿಲ ಬಳಿಯೇ ನಿಂತಿದ್ದ. ಅವಳು ಕಣ್ಣೊರೆಸಿಕೊಂಡು ಕಂಬಳಿ ಹಾಸಿದಳು. "ಮುಂದ ಬಂದು ಕೂಡ್ರಿ. ವಾರ್ತಾ ಇನ್ನೂ ಅದ."

ಮರುದಿನ ಅವನು ತನ್ನ ಬ್ಯಾಟರಿ ಹೊತ್ತು ಬಂದ. "ಬೀದರಕ್ಕ ಹೋಗುವಾಗ ಇದನ್ನೂ ಒಯ್ರಿ ತಂಗಿ. ಇದು ನಿಮ್ಮ ಕೈಯಾಗೇ ಇರ್ಲಿ."

ಜಿಜಾಬಾಯಿ ಎದ್ದು ಒಂದು ಹರವಿ ಸರಿಸಿ ಅದಕ್ಕೂ ಜಾಗ ಮಾಡಿಕೊಟ್ಟಳು.