ಒಂಬತ್ತು ಓಮ್

ಬೇಕರಿಯ ಮಾಳಿಗೆಯ ಮೇಲೆ ಇಪ್ಪತ್ತು ಸೋಲಾರ್ ಪ್ಯಾನೆಲ್‌ಗಳು ತಿಂಗಳಿಂದ ಬಿಸಿಲು ಕಾಯಿಸಿಕೊಂಡು ಬಿದ್ದಿದ್ದವು; ಒಂದು ಬಲ್ಬನ್ನೂ ಉರಿಸಿರಲಿಲ್ಲ. ವಿದ್ಯುತ್ ಕಂಪನಿಯ ಪರೀಕ್ಷಕಿ ಎರಡು ಸಲ ಬಂದು, ಎರಡು ಸಲವೂ ಅರ್ಥಿಂಗ್ ಸರಿಯಿಲ್ಲವೆಂದು ಬರೆದು ಹೋಗಿದ್ದಳು; ಇವತ್ತು ಮೂರನೇ ಸಲ ಬಂದಿದ್ದಳು. ನೆಲಕ್ಕಿಳಿಯುವ ಕರೆಂಟಿಗಿರುವ ಅಡ್ಡಿ ಐದು ಓಮ್‌ಗಿಂತ ಕಡಿಮೆ ಇದ್ದರಷ್ಟೇ ಇನ್ವರ್ಟರನ್ನು ಕಂಪನಿಯ ಲೈನಿಗೆ ಸೇರಿಸಬಹುದು. ಇಲ್ಲಿ ಒಂಬತ್ತು. ಎಲ್ಲಾದರೂ ಕರೆಂಟು ಸೋರಿದರೆ ಅದು ಸಲೀಸಾಗಿ ನೆಲಕ್ಕಿಳಿಯದೆ, ಹಿಟ್ಟು ನಾದಿದ ಒದ್ದೆ ಕೈಯಲ್ಲಿ ಇನ್ವರ್ಟರ್ ಮುಟ್ಟಿದವರನ್ನು ಹಿಡಿದುಕೊಳ್ಳುತ್ತದೆ.

"ಶೋಕಿಗೆ ಗೋಡೆಗೆ ತಗಲಿಸಿದ ಹಾಗಾಯ್ತು ಈ ಇನ್ವರ್ಟರ್ ಡಬ್ಬಿ," ಎಂದು ಬೇಕರಿಯವನು ಮೂರನೇ ಸಲ ಗೊಣಗಿ ಒಲೆಯ ಕಡೆ ಹೋದ. ಹಿತ್ತಲಿನಲ್ಲಿ ಉಳಿದವರು ಅವಳು ಮತ್ತು ಸೋಲಾರ್ ಕೂರಿಸಿದ ಫಿಟ್ಟರ್.

ಇಬ್ಬರೂ ಹನ್ನೊಂದು ವರ್ಷ ಕಂಪನಿಯ ಒಂದೇ ಜೀಪಿನಲ್ಲಿ ಓಡಾಡಿದವರು. ಅವನು ಅಳತೆಗೆಂದು ನೆಲಕ್ಕೆ ಗೂಟ ಹೊಡೆಯುತ್ತಿದ್ದ, ಅವಳು ಮೀಟರ್ ಓದುತ್ತಿದ್ದಳು. ಇಬ್ಬರಿಗೂ ಮದುವೆಯಾಗಿರಲಿಲ್ಲ. ಇವತ್ತು ಹೇಳುತ್ತಾರೆ, ನಾಳೆ ಹೇಳುತ್ತಾರೆ ಎಂದು ಆಫೀಸಿನವರು ಬಾಯಿ ಸಿಹಿಗೆ ಕಾದದ್ದೇ ಬಂತು. ಇವರು ಓಮ್ ಬಿಟ್ಟು ಬೇರೆ ಮಾತಾಡಿದರೆ ತಾನೇ! ಎರಡು ವರ್ಷದ ಹಿಂದೆ ಅವನು ಕೆಲಸ ಬಿಟ್ಟು ಸ್ವಂತಕ್ಕೆ ಸೋಲಾರ್ ಕೆಲಸ ಹಿಡಿದ. ಪಕ್ಕದ ಸೀಟು ಖಾಲಿಯಾದ ಮೇಲಷ್ಟೇ ಅವಳಿಗೆ ತಾನೆಂಥ ದಡ್ಡಿ ಎಂದು ತಿಳಿದದ್ದು. ಈಗ ಅವನಿಗೆ ದೂರದೂರಿನ ದೊಡ್ಡ ಸೋಲಾರ್ ಘಟಕದಲ್ಲಿ ಕೆಲಸ ಸಿಕ್ಕಿತ್ತು. ಬೇಕರಿಯದು ಮುಗಿದ ಕೂಡಲೇ ಹೊರಡುವವನು.

ಹಾಗಾಗಿ ಮೊದಲ ಸಲ ಮೀಟರ್ ಒಂಬತ್ತು ತೋರಿಸಿದಾಗ ಅವಳ ಎದೆ ಹಿಗ್ಗಿತು. ಪರೀಕ್ಷಕಿಯಾದವಳು ಪಡಬಾರದ ಸಂತೋಷ ಅದು. ಎರಡನೇ ಸಲವೂ ಹಿಗ್ಗಿತು. ಮನೆಗೆ ಹೋಗಿ ನಾಚಿಕೆಪಟ್ಟಳು, ಆಮೇಲೆ ಮುಂದಿನ ಸಲಕ್ಕೆಂದು ಸೀರೆ ಇಸ್ತ್ರಿ ಮಾಡಿಟ್ಟಳು.

ಇವತ್ತೂ ಒಂಬತ್ತು. ಹಾಗೆಂದು ಬರೆದರೆ ಇನ್ನೊಂದು ವಾರ ಸಿಗುತ್ತದೆ, ಸುಳ್ಳೂ ಅಲ್ಲ. ಪೆನ್ನಿನ ಮುಚ್ಚಳ ತೆಗೆದಳು. ಆದರೆ ಅರ್ಧ ಓಮ್‌ಗೂ ಮೂರು ದಿನ ವಾದ ಹೂಡುವ ಮನುಷ್ಯ ಕೈಕಟ್ಟಿ ನಿಂತಿದ್ದ. ಅದು ಮನಸ್ಸನ್ನು ಕೊರೆಯಿತು. ಅವಳು ಮಂಡಿಯೂರಿ ಅರ್ಥಿಂಗ್ ಗುಂಡಿಯ ಮುಚ್ಚಳ ಎತ್ತಿದಳು. ಕಬ್ಬಿಣದ ಪಟ್ಟಿಗೆ ಹಸಿರು ವೈರನ್ನು, ಕರೆಂಟು ದಾಟಗೊಡದ ಬಣ್ಣದ ಮೇಲೆಯೇ ನಟ್ಟು ಹಾಕಿ ಬಿಗಿಯಲಾಗಿತ್ತು. ಜೀಪಿನ ಕಾಲದಲ್ಲಿ ಹೊಸಬರು ಹೀಗೆ ಮಾಡಿದರೆ, ಲೋಹ ಫಳಫಳ ಹೊಳೆಯುವವರೆಗೂ ಬಣ್ಣ ಉಜ್ಜಿಸಿ ಅವರ ತಲೆ ತಿನ್ನುತ್ತಿದ್ದವನು ಇವನೇ.

"ಬಣ್ಣ ಉಜ್ಜಿಲ್ಲ ನೀವು."

"ಮರೆತೆ ಮೇಡಂ."

"ನೀವು? ಮರೆತ್ರಾ?"

ಅವನು ಗೂಟದ ಕಡೆ ನೋಡಿದ. "ಸ್ವಿಚ್ ಹಾಕಿರ್ಲಿಲ್ಲ, ಯಾರಿಗೂ ಅಪಾಯ ಇರ್ಲಿಲ್ಲ." ಆಮೇಲೆ ಮೆಲ್ಲಗೆ, "ನೀವು ಮೂರು ಸಲ ಬಂದ್ರಲ್ಲ," ಎಂದ.

ಅವಳಿಗೆ ಅಳುವೂ ಬಂತು, ಸಿಟ್ಟೂ ಬಂತು. "ಹನ್ನೊಂದು ವರ್ಷ ಪಕ್ಕದಲ್ಲೇ ಕೂತಿದ್ದೆ. ಆಗ ಬಾಯಿಗೆ ಬೀಗ ಹಾಕಿದ್ರಾ?"

"ಬೀಗದ ಕೈ ನಿಮ್ಮ ಹತ್ರಾನೇ ಇತ್ತು. ನೀವೂ ತೆಗೀಲಿಲ್ಲ."

ಅವಳು ಅವನಿಂದ ಸ್ಪ್ಯಾನರೂ ಉಪ್ಪುಕಾಗದವೂ ಕೇಳಿ ಪಡೆದಳು. ಅವನು ಮಾಡುತ್ತೇನೆಂದರೂ ಬಿಡಲಿಲ್ಲ. ನಟ್ಟು ಬಿಚ್ಚಿ ತಾನೇ ಉಜ್ಜಿದಳು. ಉಜ್ಜಿದಷ್ಟೂ ಅವನನ್ನು ತನ್ನ ಕೈಯಾರೆ ಊರು ಬಿಡಿಸುತ್ತಿದ್ದೇನೆ ಅನ್ನಿಸಿತು. ಆದರೂ ಒಳಗೆ ಒದ್ದೆ ಕೈಗಳು ಹಿಟ್ಟು ನಾದುತ್ತಿದ್ದವು, ಅವಳು ನಿಲ್ಲಿಸಲಿಲ್ಲ. ನಟ್ಟು ಬಿಗಿದು ಮತ್ತೆ ಮೀಟರ್ ಒತ್ತಿದಾಗ ಎರಡು ಬಂತು. ಕಾಗದಕ್ಕೆ ಸಹಿ ಹಾಕಿದಳು. ಇನ್ವರ್ಟರಿನ ಹಸಿರು ದೀಪ ಹತ್ತಿತು. ಬೇಕರಿಯವನು ಓಡಿ ಬಂದು ನೋಡಿ, ಎಲ್ಲರಿಗೂ ಹೇಳಲು ಮತ್ತೆ ಓಡಿದ.

ಫಿಟ್ಟರ್ ಅಳತೆಯ ಗೂಟ ಕಿತ್ತು, ಅದರ ವೈರು ಸುತ್ತತೊಡಗಿದ. ನಾಲ್ಕು ಮಾರು ವೈರಿಗೆ ಅಷ್ಟು ಹೊತ್ತು ಬೇಕಿರಲಿಲ್ಲ.

"ಮುಂದಿನ ವಾರ ಮನೆಗೆ ಬನ್ನಿ," ಎಂದಳು ಅವಳು.

"ಏನಾದ್ರೂ ಕೆಟ್ಟಿದ್ಯಾ?"

"ಏನೂ ಕೆಟ್ಟಿಲ್ಲ. ಸುಮ್ನೆ ಬನ್ನಿ."

ಅವನ ಕೈ ನಿಂತಿತು. "ನಾಡಿದ್ದೇ ನನ್ನ ಬಸ್ಸು."

"ಗೊತ್ತು," ಎಂದಳು. "ಆದ್ರೂ ಬನ್ನಿ."