ಹರಿದ ತುಟಿ

ಅಕ್-ತೆರೆಕ್ ಪೇಟೆಯಲ್ಲಿ ಹದಿನೆಂಟು ವರ್ಷದಿಂದ ತಂದೂರಿನ ರೊಟ್ಟಿ ಮಾರುತ್ತಿದ್ದ ಬುರುಲ್‌ಗೆ, ಒಮ್ಮೆ ಕಂಡ ಮುಖ ಮರೆಯುವವಳಲ್ಲ ಎಂಬ ಹೆಸರಿತ್ತು. ಕಿರ್ಗಿಜ್ ಬೆಟ್ಟಗಳಿಂದ ವರ್ಷಕ್ಕೊಮ್ಮೆ ಇಳಿದು ಬರುವ ಕುರುಬರನ್ನೂ ಹೆಸರು ಹಿಡಿದು ಕರೆಯುತ್ತಿದ್ದಳು. ಆ ಖ್ಯಾತಿಯೇ ಮುಳುವಾಯಿತು.

ಮಾರ್ಚ್ ಹನ್ನೆರಡರ ಮುಸ್ಸಂಜೆ ಪಕ್ಕದ ಓಣಿಯಲ್ಲಿ ಬೂಟು ಹೊಲಿಯುವ ಮುದುಕ ಸಾಗಿನ್‌ನನ್ನು ಯಾರೋ ಇರಿದು ಕೊಂದರು. ಅಂಗಡಿ ಮುಚ್ಚುತ್ತಿದ್ದ ಬುರುಲ್‌ಳ ಮುಂದೆಯೇ ಒಬ್ಬ ಓಡಿಹೋದ. ಮೂರು ಉಸಿರಿನಷ್ಟು ಹೊತ್ತು, ಅಷ್ಟೆ.

ನಾಲ್ಕು ದಿನ ಕಳೆದು ತನಿಖೆಯ ಅಧಿಕಾರಿ ಮಕ್ಸಟ್ ಬಂದು ಮೊಬೈಲಿನಲ್ಲಿದ್ದ ಫೋಟೋ ಮುಂದೆ ಹಿಡಿದ.

"ಇವನೇ ಅಲ್ವಾ ಅಕ್ಕಾ?"

ಇಪ್ಪತ್ತೈದರ ಹುಡುಗ. ಮೇಲ್ದುಟಿ ಹರಿದು ಬಾತುಕೊಂಡಿತ್ತು.

"ಇರಬಹುದೇನೋಪ್ಪ."

"ಇರಬಹುದು ಅಂದ್ರೆ ಕೊಲೆಗಾರ ಹಾಯಾಗಿ ಮನೆಗೆ ಹೋಗ್ತಾನೆ. ನೀವು ಮುಖ ಮರೆಯೋರಲ್ಲ ಅಂತ ಪೇಟೆಯೆಲ್ಲಾ ಹೇಳುತ್ತೆ. ಇನ್ನೊಂದ್ಸಲ ನೋಡಿ."

ನೋಡಿದಳು. ಮರುದಿನ ಠಾಣೆಯಲ್ಲಿ ಐದು ಜನರನ್ನು ಸಾಲಾಗಿ ನಿಲ್ಲಿಸಿದ್ದರು. ಒಂದು ಮುಖ ಮಾತ್ರ ಪರಿಚಿತವೆನಿಸಿತು; ಬೆರಳು ತೋರಿಸಿದಳು. "ಶಭಾಷ್ ಅಕ್ಕಾ, ಸರಿಯಾಗಿ ಹಿಡಿದ್ರಿ" ಎಂದ ಮಕ್ಸಟ್. ಅಲ್ಲಿಂದಾಚೆ ಅವಳಿಗೆ ಅನುಮಾನವೇ ಉಳಿಯಲಿಲ್ಲ. ಗಿರಾಕಿಗಳು ಕೇಳಿದಾಗಲೆಲ್ಲ ಹೇಳಿದಳು. ಹೇಳಿದ ಹಾಗೆಲ್ಲ ಓಡಿದವನ ಓಟ ನಿಧಾನವಾಯಿತು, ಮುಖ ಅವಳತ್ತ ಇನ್ನಷ್ಟು ತಿರುಗಿತು.

ಕೋರ್ಟಿನಲ್ಲಿ ಅವಳು ತಡವರಿಸಲಿಲ್ಲ. "ಇವನೇ ಸ್ವಾಮಿ, ನೂರಕ್ಕೆ ನೂರು. ಮೇಲ್ದುಟಿ ಹರಿದಿತ್ತು. ನನ್ನ ಕಣ್ಣಾರೆ ಕಂಡಿದ್ದು."

ನ್ಯಾಯಾಧೀಶರು ಬರೆಯುವುದನ್ನು ನಿಲ್ಲಿಸಿ ತಲೆಯೆತ್ತಿದರು. ಹಿಂದಿನ ಬೆಂಚಿನಿಂದ ಮುದುಕಿಯೊಬ್ಬಳು ಕೂಗಿದಳು: "ತುಟಿ ಹರಿದಿದ್ದು ಆಮೇಲೆ! ಕುದುರೆ ಆಟದಲ್ಲಿ ಬಿದ್ದು!" ಪೊಲೀಸರು ಅವಳನ್ನು ಹೊರಗೆ ಕಳಿಸಿದರು. ಹೆತ್ತ ಕರುಳು, ಇನ್ನೇನು ಹೇಳೀತು ಎಂದುಕೊಂಡಳು ಬುರುಲ್. ಹುಡುಗನ ಪರವಾಗಿ ಸರ್ಕಾರ ಕೊಟ್ಟಿದ್ದ ವಕೀಲ ಎದ್ದು ನಿಲ್ಲಲೂ ಇಲ್ಲ. ಟಿಲೆಕ್ ಎಂಬ ಆ ಹುಡುಗನಿಗೆ ಹದಿನೈದು ವರ್ಷ ಸಜೆಯಾಯಿತು.

ಮುಂದಿನ ಶರತ್ಕಾಲದಲ್ಲಿ ಅದೇ ಮುದುಕಿ, ಹಿರಿಯಳೆಂದು ಎಲ್ಲರೂ ಅಪಾ ಎಂದು ಕರೆಯುವ ಸಾಲ್ಕಿನ್, ಅಂಗಡಿಗೆ ಬಂದಳು. ಜಗಳಕ್ಕಲ್ಲ. ಎರಡು ರೊಟ್ಟಿ ಕೊಂಡು, ಮಡಿಸಿದ ಕಾಗದವೊಂದನ್ನು ಹಲಗೆಯ ಮೇಲಿಟ್ಟಳು.

"ಓದು ತಾಯಿ. ಬೈಯೋಕೂ ನನ್ನಲ್ಲಿ ತ್ರಾಣ ಇಲ್ಲ."

ಹಳ್ಳಿಯ ನರ್ಸಿನ ದಾಖಲೆ ಪುಸ್ತಕದ ನಕಲು. ಮಾರ್ಚ್ ಹದಿನಾಲ್ಕು, ಆಟದಲ್ಲಿ ಕುದುರೆಯಿಂದ ಬಿದ್ದದ್ದು, ಮೇಲ್ದುಟಿಗೆ ನಾಲ್ಕು ಹೊಲಿಗೆ.

ಬುರುಲ್ ತಾರೀಖನ್ನು ಮತ್ತೆ ಮತ್ತೆ ಓದಿದಳು. ಕೊಲೆಯಾದದ್ದು ಹನ್ನೆರಡರಂದು. ಆ ತುಟಿಯನ್ನು ಅವಳು ಓಣಿಯಲ್ಲಿ ಕಂಡಿರಲು ಸಾಧ್ಯವೇ ಇರಲಿಲ್ಲ. ಅದು ಮೊಬೈಲಿನಿಂದ ಬಂದದ್ದು. ಹಾಗಾದರೆ ಆ ಹಣೆ, ಆ ಕಣ್ಣು? ಅವೆಲ್ಲಿಂದ ಬಂದವು?

ತಾನೇ ಹೋಗಿ ಜಿಪಾರ್ ಎಂಬ ವಕೀಲೆಯನ್ನು ಹುಡುಕಿ ಅರ್ಜಿ ಹಾಕಿಸಿದಳು. ಕೆಳಗಿನ ಎರಡು ಕೋರ್ಟುಗಳು ಅದನ್ನು ತಳ್ಳಿಹಾಕಿಬಿಟ್ಟವು. ಒಂದೂವರೆ ವರ್ಷದ ಮೇಲೆ ಎಲ್ಲಕ್ಕಿಂತ ಮೇಲಿನ, ಕೊನೆಯ ಕೋರ್ಟಿನಲ್ಲಿ ಅವಳನ್ನು ಕರೆದರು.

"ಆಗ ನೂರಕ್ಕೆ ನೂರು ಅಂದಿದ್ರಿ. ಈಗ?" ಸರ್ಕಾರಿ ವಕೀಲರು ಕೇಳಿದರು.

"ಈಗ ಗೊತ್ತಿಲ್ಲ ಸ್ವಾಮಿ. ನಾನು ಗುರುತು ಹಿಡಿದಿದ್ದು ಫೋಟೋನ."

"ಅವನ ತಾಯಿ ನಿಮ್ಮ ಅಂಗಡಿಗೆ ಎಷ್ಟು ಸಲ ಬಂದಿದ್ದಾರೆ?"

"ಒಂಬತ್ತೋ ಹತ್ತೋ ಸಲ."

ಅವರು ನಕ್ಕು ಬರೆದುಕೊಂಡರು. "ಸುಳ್ಳು ಸಾಕ್ಷಿಗೆ ಜೈಲಿದೆ, ತಿಳ್ಕೊಳ್ಳಿ. ಯಾವುದು ಸುಳ್ಳು, ಆಗಿನದಾ, ಈಗಿನದಾ?"

"ಆಗಲೂ ನಾನು ಸುಳ್ಳು ಹೇಳಲಿಲ್ಲ. ಈಗಲೂ ಇಲ್ಲ."

"ಎರಡೂ ನಿಜ ಆಗೋಕಾಗುತ್ತೇನಮ್ಮ?"

ಆಗ ತಪ್ಪು ಹೇಳುವಾಗ ಎದೆ ಕಲ್ಲಿನಂತಿತ್ತು. ಈಗ ನಿಜ ಹೇಳುವಾಗ ದನಿ ನಡುಗುತ್ತಿತ್ತು. ನ್ಯಾಯಾಧೀಶರು ದನಿಯನ್ನೇ ಕೇಳಿದರು. ಘಟನೆಯ ಬೆನ್ನಲ್ಲೇ ನೆನಪು ಶುದ್ಧವಾಗಿರುತ್ತದೆ, ದಿನ ಕಳೆದಂತೆ ಮಾಸುತ್ತದೆ, ಆದ್ದರಿಂದ ಮೊದಲಿನ ಮಾತೇ ನಂಬಲರ್ಹ ಎಂದು ತೀರ್ಪು ಓದಿದರು. ದಾಖಲೆ ಪುಸ್ತಕವು ತುಟಿಗೆ ಹದಿನಾಲ್ಕರಂದು ಹೊಲಿಗೆ ಬಿದ್ದದ್ದನ್ನು ಹೇಳುತ್ತದೆಯೇ ಹೊರತು, ಹನ್ನೆರಡರಂದು ಅದು ನೆಟ್ಟಗಿತ್ತೆಂದು ಹೇಳುವುದಿಲ್ಲ. ಅರ್ಜಿ ವಜಾ. ಇಪ್ಪತ್ತು ನಿಮಿಷದಲ್ಲಿ ಎಲ್ಲ ಮುಗಿಯಿತು.

ಹೊರಗಿನ ಮೆಟ್ಟಿಲ ಮೇಲೆ ಸಾಲ್ಕಿನ್ ಅಪಾ ಬುರುಲ್‌ಳ ತೋಳು ಹಿಡಿದುಕೊಂಡಳು.

"ಒಂದು ಮಾತು ಕೇಳ್ತೀನಿ, ನಿಜ ಹೇಳು. ಈಗ ಕಣ್ಣು ಮುಚ್ಚಿದ್ರೆ ಆ ಓಣೀಲಿ ಯಾರು ಕಾಣ್ತಾರೆ ನಿಂಗೆ?"

ಬುರುಲ್ ಕಣ್ಣು ಮುಚ್ಚಿ ತೆರೆದಳು. "ನಿಮ್ಮ ಮಗನೇ, ಅಪಾ. ಎಷ್ಟು ತಳ್ಳಿದ್ರೂ ಹೋಗಲ್ಲ."

ಮುದುಕಿ ತೋಳು ಬಿಟ್ಟಳು. ತಲೆವಸ್ತ್ರವನ್ನು ಬಿಚ್ಚಿ ಮತ್ತೆ ಬಿಗಿದು ಕಟ್ಟಿಕೊಂಡು, ಯಾರಿಗೂ ಕೇಳದ ಹಾಗೆ ಮೆಲ್ಲಗೆ ಅಂದಳು: "ಮುಂದಿನ ಸಲ ಕೋರ್ಟಲ್ಲಿ ಕೇಳಿದ್ರೆ ಹಾಗನ್ಬೇಡಮ್ಮ, ಆಯ್ತಾ?"

"ಆಯ್ತು ಅಪಾ" ಎಂದಳು ಬುರುಲ್. ಪಕ್ಕದಲ್ಲಿದ್ದ ಜಿಪಾರ್ ಕಾಗದಗಳನ್ನು ಚೀಲಕ್ಕೆ ತುಂಬುತ್ತಿದ್ದಳು. ಮುಂದಿನ ಸಲ ಎಂಬುದು ಇಲ್ಲವೆಂದು ಮುದುಕಿಗೆ ಅವಳಿನ್ನೂ ಹೇಳಿರಲಿಲ್ಲ.