ಶೈಲಕ್ಕನ ಮದುವೆ ಸೀರೆ

ಹಳೆ ಬಟ್ಟೆಯ ರಾಶಿಗೆ ಕೈ ಹಾಕುತ್ತೇನೆಂದು ನಮ್ಮ ಓಣಿಯ ಹೆಂಗಸರು ನನ್ನನ್ನು ಕಂಡರೆ ಮೂಗು ಮುರಿಯುತ್ತಾರೆ. ಆ ಬಟ್ಟೆ ಜೋಡಿಸಿ ನಾನು ಹೊಲಿದ ಕೌದಿಯನ್ನೇ ರಾತ್ರಿಯೆಲ್ಲ ಹೊದ್ದು ಮಲಗುತ್ತಾರೆ, ಬೆಳಿಗ್ಗೆ ಎದ್ದು ಮೂಗು ಮುರಿಯುತ್ತಾರೆ. ಮುರಿಯಲಿ, ಮೂಗು ಅವರದು. ನೇಕಾರರ ಮನೆಯಲ್ಲಿ ಹುಟ್ಟಿ, ಬನಹಟ್ಟಿಯ ನೇಕಾರರ ಮನೆಗೇ ಸೊಸೆಯಾಗಿ ಬಂದವಳು ನಾನು, ನಂದಾ. ಒಂದು ಗೇಣು ಅರಿವೆ ಹುಟ್ಟಬೇಕಾದರೆ ಎಷ್ಟು ಸೊಂಟ ನೋಯುತ್ತದೆ ಅಂತ ನನಗೆ ಗೊತ್ತು. ಅದನ್ನು ತಿಪ್ಪೆಗೆ ಎಸೆಯುವವರಿಗೆ ನಾಚಿಕೆ ಇಲ್ಲ, ಆರಿಸಿಕೊಳ್ಳುವ ನಾನೇಕೆ ನಾಚಬೇಕು?

ಏಪ್ರಿಲ್ ಬಂತೆಂದರೆ ನಮ್ಮ ಪಡಸಾಲೆಯಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಗಂಡ ಅರುಣ ಉಂಡು ಪವರ್‌ಲೂಮ್ ಶೆಡ್ಡಿಗೆ ಹೋದ ಮೇಲೆ, ಶಾಲೆಯ ಸೂಟಿಯಲ್ಲಿರುವ ಮಗಳು ಭಾಗ್ಯಾಳನ್ನು ಎದುರಿಗೆ ಕೂರಿಸಿಕೊಂಡು ಶುರು ಮಾಡುತ್ತೇನೆ. ದೊಡ್ಡವರಿಗೆ ಕೌದಿ, ಕೂಸುಗಳ ತಲೆಗೆ ಕುಲಾಯಿ, ಕುಂಚಿಗೆ, ಶೆಡ್ಡಿನಲ್ಲಿ ಉಳಿದ ಅಂಚಿನ ದಾರದಿಂದ ಕಾಲೊರಸುವ ಚಾಪೆ. ಭಾಗ್ಯಾ ಹೊಲಿಯುವುದಕ್ಕಿಂತ ಮೊಬೈಲಿನಲ್ಲಿ ಫೋಟೊ ತೆಗೆಯುವುದೇ ಹೆಚ್ಚು. ಅದರಿಂದಲೂ ಲಾಭ ಇಲ್ಲದಿಲ್ಲ. ಬೀಳಗಿಯ ಟೀಚರೊಬ್ಬರು ಫೋಟೊ ನೋಡಿಯೇ ಎರಡು ಕೌದಿ ಹೊಲಿದುಕೊಡಲು ಹೇಳಿದ್ದಾರೆ.

ಕಂಬಕ್ಕೆ ಬೆನ್ನು ಕೊಟ್ಟು ಕೂರುವ ನಮ್ಮತ್ತೆ ಅನಸವ್ವ ಇದಕ್ಕೆಲ್ಲ ಮೇಸ್ತ್ರಿ. ಎಂಬತ್ತರ ಹತ್ತಿರ ವಯಸ್ಸು, ಎರಡೂ ಕಣ್ಣಿನ ಪೊರೆ ತೆಗೆಸಿದ್ದಾಗಿದೆ. ಆದರೂ ಯಾವ ಬಣ್ಣದ ಪಕ್ಕ ಯಾವ ಬಣ್ಣ ಎಂಬುದನ್ನು ಅವರೇ ಹೇಳಬೇಕು. ನಾನು ನನ್ನಿಷ್ಟದಂತೆ ಇಟ್ಟರೆ ಎತ್ತಿ ಬದಿಗೆ ಹಾಕುತ್ತಾರೆ. ಒಂದು ಕಾಲಕ್ಕೆ ಬನಹಟ್ಟಿಯಲ್ಲಿ ಅವರಂಥ ಸೆರಗು ನೇಯುವವರು ಇರಲಿಲ್ಲವಂತೆ. ಹಾಗೆಂದು ಅವರೇ ಹೇಳುತ್ತಾರೆ, ಓಣಿಯ ಮುದುಕಿಯರೂ ಒಪ್ಪುತ್ತಾರೆ. ಅವರು ಕಾಲಿಳಿಸಿ ಕೂತು ನೇಯುತ್ತಿದ್ದ ಮಗ್ಗದ ಕುಣಿಯನ್ನು ನನ್ನ ಮದುವೆಯ ವರ್ಷವೇ ಮುಚ್ಚಿ ಮೇಲೆ ಟೈಲ್ಸ್ ಹಾಕಿಸಿದರು. ಹೀಗಾಗಿ ನನಗೆ ಅತ್ತೆಯ ಕೈಯ ಸೀರೆ ಸಿಗಲಿಲ್ಲ. ಅಂಗಡಿಯಿಂದ ತಂದ ಸೀರೆ ಉಟ್ಟು ಈ ಹೊಸ್ತಿಲು ದಾಟಿದೆ. ಆ ಹೊಟ್ಟೆಕಿಚ್ಚು ನನಗೆ ಇದೆ, ಮುಚ್ಚಿಡುವುದಿಲ್ಲ.

ಆ ಅದೃಷ್ಟ ಪಡೆದವಳು ಅರುಣನ ಅಕ್ಕ ಶೈಲಾ, ಮುಧೋಳಕ್ಕೆ ಕೊಟ್ಟವಳು. ಅವಳ ಮದುವೆಗೆ ಅತ್ತೆ ಗಿಣಿ ಹಸಿರಿನ ಸೀರೆ ನೇಯ್ದಿದ್ದರು. ಅದರ ಕತೆಯನ್ನು ನಾನು ಈ ಹದಿನೆಂಟು ವರ್ಷದಲ್ಲಿ ಎಷ್ಟು ಸಲ ಕೇಳಿದ್ದೇನೋ. ಸೆರಗಿಗೆ ಐದು ಬಿಳಿ ಪಟ್ಟಿ ಬರಬೇಕಿತ್ತು. ನಾಲ್ಕನೆಯದನ್ನು ನೇಯುವ ಹೊತ್ತಿಗೆ ಬೀಗರು ಒಪ್ಪಿದರೆಂಬ ಸುದ್ದಿ ಬಂತು. ಹಿಗ್ಗಿನಲ್ಲಿ ಅತ್ತೆ ಬಿಳಿ ನೂಲಿನ ಲಾಳಿಯ ಬದಲು ಹಳದಿ ನೂಲಿನದನ್ನು ಓಡಿಸಿದರು. ಎರಡು ಬೆರಳಗಲ ಹಳದಿ ಬಿದ್ದ ಮೇಲೆ ಕಣ್ಣಿಗೆ ಕಂಡಿತು. ಬೇರೆ ಸೀರೆಯಾಗಿದ್ದರೆ ಬಿಚ್ಚಿ ಮತ್ತೆ ನೇಯುತ್ತಿದ್ದರು. ಮಗಳ ಮದುವೆಯ ಸೀರೆ ಬಿಚ್ಚಬಾರದು, ಕೂಡಿದ್ದು ಬಿಚ್ಚಿ ಹೋಗುತ್ತದೆ ಅಂತ ಹಾಗೇ ಬಿಟ್ಟರು. ಇಡೀ ಜನ್ಮದಲ್ಲಿ ಅವರು ತಿದ್ದದೆ ಬಿಟ್ಟ ತಪ್ಪು ಅದೊಂದೇ.

ಈಗ ಶೈಲಕ್ಕನ ಮಗಳು ರಾಜೇಶ್ವರಿಗೆ ದಿನ ತುಂಬಿವೆ, ಚೊಚ್ಚಲ ಹೆರಿಗೆಗೆ ಮುಧೋಳದ ತವರಿಗೆ ಬಂದಿದ್ದಾಳೆ. ಹುಟ್ಟಿದ ಕೂಸಿಗೆ ಹೊಸ ಬಟ್ಟೆ ತಾಗಿಸುವುದಿಲ್ಲ ನಾವು. ಬಾಳಿ ಬದುಕಿದವರ ಹಳೆ ಸೀರೆಯ ಮೆತ್ತನ್ನ ಕೌದಿಯಲ್ಲೇ ಮೊದಲು ಮಲಗಿಸಬೇಕು. ಆ ಕೌದಿ ತಾನು ನೇಯ್ದ ಗಿಣಿ ಹಸಿರು ಸೀರೆಯದೇ ಆಗಬೇಕು ಎಂದು ಅತ್ತೆ ಹಟ ಹಿಡಿದಿದ್ದರು. ಸಂಕ್ರಾಂತಿಯಿಂದ ಕೇಳುತ್ತಿದ್ದಾರೆ. ಶೈಲಕ್ಕ ಒಮ್ಮೆ ಟ್ರಂಕಿನ ಕೀಲಿ ಸಿಕ್ಕಿಲ್ಲ ಅಂದಳು. ಇನ್ನೊಮ್ಮೆ ಹೊಸ ಮನೆಗೆ ಸಾಮಾನು ಸಾಗಿಸುವಾಗ ಎಲ್ಲೋ ಒಳಗೆ ಸೇರಿದೆ, ಹುಡುಕಿ ಕಳಿಸುತ್ತೇನೆ ಅಂದಳು. ಬಸ್ಸಿನ ಸದ್ದಾದರೆ ಸಾಕು, ಅತ್ತೆ ಬಾಗಿಲ ಕಡೆ ನೋಡುತ್ತಿದ್ದರು. ಯಾರು ಬಂದರೂ ಸೀರೆ ಬರುವುದಿದೆ ಎಂದು ಹೇಳುತ್ತಿದ್ದರು. ನನಗಂತೂ ಕೇಳಿ ಕೇಳಿ ತಲೆ ಚಿಟ್ಟು ಹಿಡಿದಿತ್ತು.

ಮೇ ತಿಂಗಳ ಮೊದಲ ವಾರ ಭಾಗ್ಯಾಳನ್ನು ಕರೆದುಕೊಂಡು ಜಮಖಂಡಿಯ ಸಂತೆಗೆ ಹೋದೆ. ಅಲ್ಲಿ ಗಂಗಾರಾಮ ಎಂಬವನು ತಾಡಪತ್ರಿ ಹಾಸಿ ಹಳೆ ಬಟ್ಟೆಯ ಗುಡ್ಡ ಹಾಕಿಕೊಂಡು ಕೂರುತ್ತಾನೆ. ಸ್ಟೀಲ್ ಬೋಗುಣಿ ಕೊಟ್ಟು ಊರೂರಿನಿಂದ ಹಳೆ ಬಟ್ಟೆ ತರುವವರು ಅವನಿಗೆ ಹಾಕುತ್ತಾರೆ. ನಾನು ಬಂದರೆ ಅವನಿಗೆ ತಲೆನೋವು, ಏಕೆಂದರೆ ಗುಡ್ಡವನ್ನು ತಳಮೇಲು ಮಾಡದೆ ನಾನು ಏಳುವವಳಲ್ಲ. ಅವತ್ತೂ ಮೊಣಕೈವರೆಗೆ ಕೈ ಹಾಕಿ ಎಳೆಯುತ್ತಿದ್ದೆ. ನೈಲಾನ್, ನೈಲಾನ್, ಮತ್ತೆ ನೈಲಾನ್. ಆಮೇಲೆ ಬೆರಳಿಗೆ ಹತ್ತಿ ತಾಗಿತು. ಕೈಮಗ್ಗದ ಹತ್ತಿ ಕೈಗೆ ತಾಗಿದರೆ ಕಣ್ಣು ಬೇಕಾಗುವುದಿಲ್ಲ. ಎಳೆದೆ, ಗಿಣಿ ಹಸಿರು ಬಂತು. ಅಂಚಿನ ಕೆಂಪು ದಡಿ ಬಂತು. ಸೆರಗು ಬಂತು. ಒಂದು ಬಿಳಿ, ಎರಡು ಬಿಳಿ, ಮೂರು ಬಿಳಿ, ನಾಲ್ಕನೆಯದರಲ್ಲಿ ಎರಡು ಬೆರಳಗಲ ಹಳದಿ.

ಸೆರಗನ್ನು ಬಿಸಿಲಿಗೆ ಹಿಡಿದು ಪಟ್ಟಿಗಳನ್ನು ಮತ್ತೆ ಎಣಿಸಿದೆ. ಆಮೇಲೆ ಮೈಯೆಲ್ಲ ಉರಿಯಿತು. ಭಾಗ್ಯಾ ಬಗ್ಗಿ ನೋಡಿ, ಇದು ಶೈಲಾ ಅತ್ತೆಯ ಮದುವೆಯ ಫೋಟೊದಲ್ಲಿರುವ ಸೀರೆಯಲ್ಲವೇ ಎಂದಳು. ಸುಮ್ಮನಿರು ಎಂದೆ. ಗಂಗಾರಾಮನನ್ನು ಕೇಳಿದರೆ, ಅದು ಮುಧೋಳದ ಕಡೆಯ ಮಾಲು, ಯಾರೋ ಹೊಸ ಮನೆ ಕಟ್ಟಿಸಿದವರು ಒಂದು ಗಂಟು ಹಳೆಯದನ್ನೆಲ್ಲ ಕೊಟ್ಟು ಬೋಗುಣಿ ಒಯ್ದಿದ್ದಾರೆ ಎಂದ. ಬೋಗುಣಿ! ನನಗೆ ಒಂದು ದಿನವೂ ಉಡಲು ಸಿಗದ ಸೀರೆ, ಎಂಬತ್ತು ವರ್ಷದ ಜೀವ ಕಣ್ಣಲ್ಲಿ ಕಣ್ಣಿಟ್ಟು ಕಾಯುತ್ತಿರುವ ಸೀರೆ, ಶೈಲಕ್ಕನ ಅಡುಗೆಮನೆಯಲ್ಲಿ ಬೋಗುಣಿಯಾಗಿ ಕೂತಿದೆ. ಅದರಲ್ಲಿ ಹಾಲು ಕಾಸುತ್ತಾಳೋ ಹಿಟ್ಟು ಕಲಸುತ್ತಾಳೋ ಯಾರಿಗೆ ಗೊತ್ತು. ಮೇಲಾಗಿ ಕೀಲಿ ಸಿಕ್ಕಿಲ್ಲವಂತೆ.

ಬಸ್ಸಿನಲ್ಲಿ ಊರು ಮುಟ್ಟುವವರೆಗೆ ಶೈಲಕ್ಕನ ಜೊತೆ ಮನಸ್ಸಿನಲ್ಲೇ ಜಗಳ ಆಡಿದೆ. ಎಲ್ಲ ಸಲವೂ ನಾನೇ ಗೆದ್ದೆ. ಹಬ್ಬಕ್ಕೆ ಬಂದರೆ ಅತ್ತೆ ಅವಳ ತಟ್ಟೆಗೆ ತುಪ್ಪ ಸುರಿದು ನನ್ನ ತಟ್ಟೆಗೆ ತೋರಿಸುತ್ತಿದ್ದದ್ದು ನೆನಪಾಯಿತು. ಮಗಳಂದರೆ ಶೈಲಾನಂಥವಳು ಇರಬೇಕು ಎಂದು ನನ್ನ ಎದುರಿಗೇ ಅಂದದ್ದು ನೆನಪಾಯಿತು. ಇವತ್ತು ನೋಡಲಿ ಮಗಳ ಬಂಗಾರದ ಗುಣ, ಅಂದುಕೊಂಡೆ. ಭಾಗ್ಯಾ ಅಜ್ಜಿಯ ಪರವಾಗಿ ಒಂದು ಮಾತು ಹೇಳಿದಳು, ಆಯಿಗೆ ಹೇಳಬೇಡ ಅವ್ವಾ, ಸಂಕಟ ಮಾಡಿಕೊಳ್ಳುತ್ತಾಳೆ ಅಂತ. ಸಂಕಟ ಮಾಡಿಸಿದವಳು ನಾನೇನು ಎಂದು ಅವಳ ಮೇಲೂ ಹರಿಹಾಯ್ದೆ.

ಸಂತೆಯ ಬಟ್ಟೆಯನ್ನು ನಾನು ಸೋಡಾ, ಬೇವಿನ ಎಲೆ ಹಾಕಿ ಕುದಿಸದೆ ಪಡಸಾಲೆಗೆ ತರುವುದಿಲ್ಲ. ಹಾಗೆ ಕುದಿಸಿ, ಒಣಗಿಸಿ, ಮರುದಿನ ಮಧ್ಯಾಹ್ನ ಅತ್ತೆಯ ಎದುರಿಗೇ ಸೀರೆ ಹಾಸಿದೆ. ಸೆರಗು ಅವರ ಕಾಲ ಬಳಿ ಬರುವಂತೆ ಬೇಕೆಂದೇ ಹಾಸಿದೆ. ಜಮಖಂಡಿ ಸಂತೆಯಲ್ಲಿ ಸಿಕ್ಕಿತು, ಮುಧೋಳದ ಮಾಲಂತೆ, ಎಂದಷ್ಟೇ ಹೇಳಿ ಕೂತೆ.

ಅತ್ತೆ ಕನ್ನಡಕ ಹುಡುಕಲಿಲ್ಲ. ದಡಿಯನ್ನು ಉಗುರಿನಿಂದ ಗೀರಿ ನೋಡಿದರು, ಸೆರಗನ್ನು ಎಳೆದು ತೊಡೆಯ ಮೇಲೆ ಹಾಕಿಕೊಂಡರು. ಬೆರಳು ಪಟ್ಟಿಯಿಂದ ಪಟ್ಟಿಗೆ ಹೋಗಿ ಹಳದಿಯ ಮೇಲೆ ನಿಂತಿತು. ನಾನು ಕಾದೆ. ಈಗ ಅಳುತ್ತಾರೆ, ಈಗ ಮಗಳಿಗೆ ಶಾಪ ಹಾಕುತ್ತಾರೆ, ಹದಿನೆಂಟು ವರ್ಷದ ಮೇಲೆ ಒಮ್ಮೆಯಾದರೂ ನಿನ್ನಂಥ ಸೊಸೆ ಇರಬೇಕು ಅನ್ನುತ್ತಾರೆ ಎಂದು ಕಾದೆ.

"ಇದು ನಂದಲ್ಲ" ಅಂದರು ಅತ್ತೆ. "ರಬಕವಿಯವರು ಯಾರೋ ನೇಯ್ದಾರ. ನನ್ನ ಕೈ ಇಷ್ಟು ಸಡಲ ಇರಲಿಲ್ಲ."

ಕೈಗೆ ಬಂದ ತುತ್ತು ಬಾಯಿಗೆ ಬರದಂತಾಯಿತು. ಹಳದಿ ಪಟ್ಟಿಯ ಮೇಲೆ ನಾನೇ ಬೆರಳಿಟ್ಟು ತೋರಿಸಿದೆ. ಲಾಳಿ ತಪ್ಪುವುದು ಯಾರಿಗೂ ತಪ್ಪಿದ್ದಲ್ಲ, ಪಕ್ಕದೂರು ರಬಕವಿಯವರಿಗೆ ದಿನಾ ತಪ್ಪುತ್ತದೆ ಎಂದರು. ಮುಖದಲ್ಲಿ ಒಂದು ಗೆರೆ ಅಲುಗಲಿಲ್ಲ. ಹೆತ್ತವರಿಗೆ ಹೆಗ್ಗಣ ಮುದ್ದು ಅಂತಾರಲ್ಲ, ಆ ಮಾತು ನಾಲಿಗೆಯ ತುದಿಗೆ ಬಂದು ನಿಂತಿತ್ತು. ನುಂಗಿಕೊಂಡು ಬೇರೆ ಆಟ ಹೂಡಿದೆ.

"ನಿಮ್ಮದಲ್ಲಂದ್ರ ಕತ್ತರಿ ಹಾಕ್ತೀನ್ರಿ" ಎಂದೆ.

ಕೈ ಹಿಡಿಯುತ್ತಾರೆ ಅಂದುಕೊಂಡಿದ್ದೆ. ಹಿಡಿದರು, ಆದರೆ ಕತ್ತರಿ ಕಸಿದುಕೊಳ್ಳಲು. "ಕೊಡು ಇಲ್ಲೆ. ನೀ ಸಿಟ್ಟಿನ್ಯಾಗ ಸೊಟ್ಟ ಕತ್ತರಸ್ತಿ" ಎಂದು ತಾವೇ ಸೀರೆಯನ್ನು ನಾಲ್ಕು ಮಡಿಕೆ ಮಾಡಿದರು. ಬೆರಳಿನಿಂದ ಗೆರೆ ಎಳೆದು, ನೇರವಾಗಿ ಕತ್ತರಿಸಿದರು. ಸದ್ದು ಕೇಳಿ ಒಳಗಿನಿಂದ ಬಂದ ಭಾಗ್ಯಾ ಬಾಗಿಲಲ್ಲೇ ನಿಂತುಬಿಟ್ಟಳು. ಅತ್ತೆ ಅವಳಿಗೆ ಶೈಲಾಳ ನಂಬರ್ ಹಚ್ಚಲು ಹೇಳಿದರು. ಕಿವಿ ಮಂದವಾದ್ದರಿಂದ ನಮ್ಮ ಮನೆಯಲ್ಲಿ ಸ್ಪೀಕರ್ ಯಾವಾಗಲೂ ಆನ್.

"ಶೈಲಾ, ಆ ಸೀರಿ ಇನ್ನ ಹುಡುಕಬ್ಯಾಡವಾ. ಅಲ್ಲೇ ಇರಲಿ. ಕೂಸಿನ ಕೌದಿಗಿ ನಂದಾ ಬ್ಯಾರೆ ಅರಿವಿ ತಂದಾಳ."

ಆ ಕಡೆಯಿಂದ ಉಸಿರು ಬಿಟ್ಟ ಸದ್ದು ನಮಗೆಲ್ಲ ಕೇಳಿಸಿತು. "ಟ್ರಂಕಿನ ತಳಕ್ಕ ಐತಿ ಯವ್ವಾ, ಛಲೋ ಐತಿ" ಅಂದಳು ಶೈಲಕ್ಕ. "ಬ್ಯಾಡಂದ್ರ ಬಿಡು. ಜೋಪಾನ ಇಡ್ತೀನಿ."

ಫೋನ್ ಕಸಿದು ನಾಲ್ಕು ಮಾತು ಬಿಗಿಯಬೇಕೆಂದು ಎದ್ದೆ. ಅತ್ತೆ ಆಗಲೇ ಇಟ್ಟುಬಿಡು ಎಂದು ಭಾಗ್ಯಾಳಿಗೆ ಸನ್ನೆ ಮಾಡಿದ್ದರು. ಎದ್ದವಳು ನಿಂತೇ ಇದ್ದೆ. ಇಂಥ ಸುಳ್ಳನ್ನು ಇಷ್ಟು ಸಲೀಸಾಗಿ ಆಡುವವಳು ಒಬ್ಬಳು, ಗೊತ್ತಿದ್ದೂ ಅದನ್ನು ಕೇಳಿಸಿಕೊಳ್ಳುವವರು ಇನ್ನೊಬ್ಬರು. ನಡುವೆ ಸಂತೆಯಿಂದ ಹೊತ್ತು ತಂದು, ಕುದಿಸಿ, ಒಣಗಿಸಿದ ನಾನು ಯಾರಿಗೂ ಲೆಕ್ಕಕ್ಕಿಲ್ಲ.

ಕೂಸಿಗೆ ಬೇಕಾದ ಕೌದಿ ಎಷ್ಟು ದೊಡ್ಡದು, ಮೊಳದ ಲೆಕ್ಕ. ಸಿಟ್ಟಿನಲ್ಲೇ ಕೂತು ಪದರ ಹಾಸತೊಡಗಿದೆ. ಕೆಳಗೊಂದು, ನಡುವೆ ಎರಡು, ಎಲ್ಲಕ್ಕಿಂತ ಮೇಲೆ ಹಳದಿ ಪಟ್ಟಿ ಇದ್ದ ಸೆರಗಿನ ತುಂಡು. ಅದನ್ನು ಸರಿಯಾಗಿ ನಡುಮಧ್ಯಕ್ಕೆ ತಂದಿಟ್ಟೆ. ತೊಟ್ಟಿಲಿಗೆ ಹಾಕುವ ದಿನ ಶೈಲಕ್ಕ ಕೂಸನ್ನು ಎತ್ತಿಕೊಳ್ಳಲಿ, ಕಣ್ಣಿಗೆ ಹೊಡೆಯಲಿ. ಅವಳೂ ನೇಕಾರರ ಮಗಳು, ಗುರುತು ಸಿಗದೆ ಎಲ್ಲಿಗೆ ಹೋಗುತ್ತದೆ? ನಾನು ಬಾಯಿ ಬಿಡಬೇಕಾಗಿಯೂ ಇಲ್ಲ.

ಅತ್ತೆ ಸೂಜಿಗೆ ದಾರ ಪೋಣಿಸಲು ಹೆಣಗುತ್ತಿದ್ದರು. ತಲೆ ಎತ್ತದೆ ಹೇಳಿದರು, "ಆ ತುಂಡು ಒಳಗ ಹಾಕು."

ಅಲ್ಲಿಗೆ ನನ್ನ ಕಟ್ಟೆ ಒಡೆಯಿತು. ಸೀರೆ ರಬಕವಿಯವರದಾದರೆ ಒಳಗೇಕೆ ಹಾಕಬೇಕು, ಹೊರಗಿದ್ದರೆ ಯಾರ ಗಂಟು ಹೋಗುತ್ತದೆ ಎಂದು ಕೇಳಿದೆ. ಮಗಳು ಬೋಗುಣಿಗೆ ಮಾರಿಕೊಂಡಿದ್ದಾಳೆ, ನೀವು ಅವಳಿಗೆ ಅಲ್ಲೇ ಇರಲಿ ಅನ್ನುತ್ತೀರಿ ಎಂದೆ. ಹೇಳುತ್ತ ಹೇಳುತ್ತ ನನಗೇ ಆಶ್ಚರ್ಯವಾಯಿತು, ಏಕೆಂದರೆ ನಾನು ಶೈಲಕ್ಕನ ಮಾತು ಬಿಟ್ಟು ಬೇರೇನನ್ನೋ ಹೇಳುತ್ತಿದ್ದೆ.

"ಆಕಿ ಮಾರಿದ್ದಕ್ಕ ನನಗ ಸಿಟ್ಟು ಬಂದಿದ್ದು ಖರೇನ್ರಿ. ಆದ್ರ ಅದಕ್ಕಿಂತ ಹೆಚ್ಚು ಬಂದಿದ್ದು ನಿಮ್ಮ ಮ್ಯಾಲೆ. ಇಂಥಾ ಸೆರಗು ಈಗ ನೇಯವ್ರು ಯಾರ ಅದಾರ? ಇದನ್ನ ನಂದಲ್ಲ ಅಂತೀರಲ್ಲ ಅತ್ತೀ, ನಿಮಗ ಹೆಂಗ ಬಾಯಿ ಬಂತು?"

ಅತ್ತೆ ಸೂಜಿಯನ್ನು ನೆಲಕ್ಕಿಟ್ಟರು. ನನ್ನ ಮುಖವನ್ನು ಅವರು ಅಷ್ಟು ನೆಟ್ಟಗೆ ನೋಡಿದ್ದು ಅದೇ ಮೊದಲು ಅನ್ನಿಸುತ್ತದೆ.

"ನೇಯ್ದಾಕಿನೂ ನಾನ, ಹಡದಾಕಿನೂ ನಾನ" ಅಂದರು. "ಎರಡರಾಗ ಒಂದು ನಂದಲ್ಲ ಅನ್ನಬೇಕಾಗೇತಿ. ಯಾವುದನ್ನ ಅನ್ನಲಿ, ನೀನ ಹೇಳು."

ಬಾಗಿಲಲ್ಲಿ ನಿಂತ ಭಾಗ್ಯಾ ನನ್ನನ್ನೇ ನೋಡುತ್ತಿದ್ದಳು, ನಾನೇನು ಹೇಳುತ್ತೇನೆ ಅಂತ. ನನ್ನ ಮಗಳು ಅವಳು. ಹಳದಿ ಪಟ್ಟಿಯ ತುಂಡನ್ನು ತೆಗೆದು ನಡುಪದರಕ್ಕೆ ಹಾಕಿ, ಮೇಲೆ ಬರೀ ಹಸಿರಿನ ತುಂಡು ಹಾಸಿದೆ. ಸೂಜಿಗೆ ದಾರ ಪೋಣಿಸಿ ಅವರ ಕೈಗೆ ಕೊಟ್ಟೆ. ಶೈಲಕ್ಕನ ಮೇಲಿನ ಸಿಟ್ಟು ಇಳಿದಿಲ್ಲ, ಇಳಿಯುವುದೂ ಇಲ್ಲ. ಆದರೆ ಅದನ್ನು ಅವಳ ಮುಖಕ್ಕೆ ಹೇಳುವ ಹಾದಿಯನ್ನು ಮುದುಕಿ ಮುಚ್ಚಿಬಿಟ್ಟರು, ನನ್ನ ಕೈಯಿಂದಲೇ.